ಮೇಲೆ ಹಳ್ಳ ಏರಿದ್ದು ಕೆಳಗಿನ ಊರಿಗೆ ತಿಳಿಯಬೇಕು: ಪಂಚಾಯಿತಿಗಳು ಸೇರಿ ನೆರೆ ಎಚ್ಚರಿಕೆ ಕಟ್ಟುವ ಸಮಗ್ರ ಮಾರ್ಗದರ್ಶಿ

ಎರೆಭೂಮಿಯ ಜನ "ಮಳೆ ಬಂತು" ಎನ್ನುವಂತೆಯೇ "ಹಳ್ಳ ಬಂತು" ಎನ್ನುತ್ತಾರೆ. ಬೇಸಿಗೆಯಿಡೀ ಕುರಿ ದಾಟುತ್ತಿದ್ದ ಪಾತ್ರಕ್ಕೆ ಒಂದು ರಾತ್ರಿ ಕಪ್ಪು ರಾಡಿಯ ನೀರು ನುಗ್ಗಿ ಬರುತ್ತದೆ. ಊರಿನಲ್ಲಿ ಹನಿ ಮಳೆ ಬಿದ್ದಿರುವುದಿಲ್ಲ, ಮೇಲೆ ಚುಕ್ಕಿಗಳು ಕಾಣುತ್ತಿರುತ್ತವೆ, ಆದರೂ ಹಳ್ಳ ಬಂದಿರುತ್ತದೆ. ಮಳೆ ಬಿದ್ದದ್ದು ಎಷ್ಟೋ ಊರುಗಳಾಚೆ. ಅಲ್ಲಿಯವರು ನೀರು ಏರಿದ್ದನ್ನು ಸಂಜೆಯೇ ಕಂಡಿರುತ್ತಾರೆ. ಕೆಳಗಿನವರಿಗೆ ಅದನ್ನು ತಿಳಿಸುವ ಏರ್ಪಾಡು ಮಾತ್ರ ಇರುವುದಿಲ್ಲ.

ಆ ಏರ್ಪಾಡನ್ನು ಗ್ರಾಮ ಪಂಚಾಯಿತಿಗಳೇ ಸೇರಿ ಹೇಗೆ ಮಾಡಿಕೊಳ್ಳಬಹುದು ಎಂಬುದನ್ನು ಹಂತ ಹಂತವಾಗಿ ಇಲ್ಲಿ ಬರೆಯುತ್ತಿದ್ದೇನೆ. ಉದಾಹರಣೆಗೆ ಬೆಣ್ಣಿಹಳ್ಳವನ್ನೇ ಇಟ್ಟುಕೊಂಡಿದ್ದೇನೆ. ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನ ದುಂಡಶಿ ಸೀಮೆಯಲ್ಲಿ ಹುಟ್ಟಿ, ಧಾರವಾಡ ಜಿಲ್ಲೆಯ ಕುಂದಗೋಳ, ಹುಬ್ಬಳ್ಳಿ, ನವಲಗುಂದ ತಾಲ್ಲೂಕುಗಳನ್ನು ಹಾದು, ಗದಗ ಜಿಲ್ಲೆಗೆ ಇಳಿದು ರೋಣ ತಾಲ್ಲೂಕಿನ ಮೆಣಸಗಿ ಬಳಿ ಮಲಪ್ರಭೆಯನ್ನು ಸೇರುವ ಹಳ್ಳ ಇದು. ಪಕ್ಕದ ಸೀಮೆಯಲ್ಲಿ ತುಪ್ಪರಿಹಳ್ಳವಿದೆ. ಬೆಣ್ಣೆ, ತುಪ್ಪದ ಹೆಸರಿಟ್ಟುಕೊಂಡ ಈ ಎರಡೂ ಹಳ್ಳಗಳು ಉಕ್ಕಿದರೆ ಬೆಳೆದು ನಿಂತ ಹೆಸರು, ಉಳ್ಳಾಗಡ್ಡಿ, ಗೋವಿನಜೋಳ ಎಲ್ಲವೂ ನೀರಿನಡಿ ಹೋಗುತ್ತವೆ. ನಿಮ್ಮ ಹಳ್ಳ ಬೇರೆಯದಾದರೂ ಕ್ರಮ ಇದೇ.

ಮೊದಲು ಹಳ್ಳದ ಗುಂಟ ನಡೆಯಿರಿ

ಬೆಣ್ಣಿಹಳ್ಳಕ್ಕೆ ಮೂರು ಜಿಲ್ಲಾಧಿಕಾರಿಗಳು, ಹಲವು ತಹಶೀಲ್ದಾರರು. ನೀರಿಗೆ ಈ ಗಡಿಗಳ ಹಂಗಿಲ್ಲ. ಆದ್ದರಿಂದ ಮೊದಲ ಕೆಲಸ ಆಡಳಿತದ ನಕ್ಷೆಯನ್ನು ಬದಿಗಿಟ್ಟು ನೀರಿನ ನಕ್ಷೆ ಬರೆಯುವುದು. ಏಪ್ರಿಲ್‌ನಲ್ಲಿ ಹಳ್ಳ ಒಣಗಿರುವಾಗ ಇಬ್ಬರು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು, ಒಬ್ಬ ಎಂಜಿನಿಯರ್, ಹಳ್ಳದ ಗುಣ ಬಲ್ಲ ಒಬ್ಬ ಹಿರಿಯ ರೈತ, ಒಬ್ಬ ಕುರಿಗಾರ ಸೇರಿ ಹಳ್ಳದ ದಂಡೆ ಹಿಡಿದು ಹೋಗಬೇಕು. ಕುರಿಗಾರನನ್ನು ಬಿಡಬೇಡಿ. ಹಳ್ಳ ಎಲ್ಲಿ ಮೊದಲು ದಂಡೆ ಮೀರುತ್ತದೆ, ಯಾವ ಕೂಡುಹಳ್ಳ ಮೊದಲು ಬರುತ್ತದೆ ಎಂಬುದು ಅವನಿಗೆ ಗೊತ್ತಿರುವಷ್ಟು ಕಚೇರಿಯ ಯಾವ ಕಡತಕ್ಕೂ ಗೊತ್ತಿರುವುದಿಲ್ಲ.

ಒಂದು ಉದ್ದನೆಯ ಹಾಳೆಯಲ್ಲಿ ಹಳ್ಳವನ್ನು ಗೆರೆಯಾಗಿ ಎಳೆಯಿರಿ. ಪ್ರತಿ ಸೇತುವೆ, ಚೆಕ್ ಡ್ಯಾಂ, ಬಾಂದಾರ, ಕೂಡುಹಳ್ಳ, ದಂಡೆಯ ಮನೆಗಳು, ಕುರಿಹಟ್ಟಿ, ಪಂಪ್‌ಸೆಟ್, ಶಾಲೆ, ಕುಡಿಯುವ ನೀರಿನ ಬಾವಿ ಎಲ್ಲವನ್ನೂ ಗುರುತಿಸಿ. ಜನ ಸೇರುವ ಜಾಗಗಳನ್ನೂ ಸೇರಿಸಿ. ನವಲಗುಂದ ತಾಲ್ಲೂಕಿನ ಯಮನೂರು ಬೆಣ್ಣಿಹಳ್ಳದ ದಡದಲ್ಲೇ ಇದೆ. ಅಲ್ಲಿಗೆ ಬರುವ ಭಕ್ತರು ಹಳ್ಳಕ್ಕಿಳಿದು ಸ್ನಾನ ಮಾಡುತ್ತಾರೆ. ಪರವೂರಿನಿಂದ ಬಂದವರಿಗೆ ಹಳ್ಳದ ಗುಣ ತಿಳಿದಿರುವುದಿಲ್ಲ ಎಂಬುದು ನಕ್ಷೆ ಬರೆಯುವವರ ನೆನಪಿನಲ್ಲಿರಬೇಕು.

ಜಲಸಂಪನ್ಮೂಲ ಇಲಾಖೆಯ ಹತ್ತಿರದ ಕಚೇರಿಗೂ ಹೋಗಿ ಈ ಹಳ್ಳದ ಮೇಲೆ ಈಗಾಗಲೇ ಮಾಪನ ಕೇಂದ್ರವಿದೆಯೇ, ಹಿಂದೆ ಇತ್ತೇ ಎಂದು ವಿಚಾರಿಸಿ. ಹಳೆಯ ಅಳತೆಯ ಪುಸ್ತಕ ಸಿಕ್ಕರೆ ಎಷ್ಟೋ ವರ್ಷಗಳ ಶ್ರಮ ಉಳಿಯುತ್ತದೆ.

ಠರಾವು ಮಾಡಿ, ಒಪ್ಪಂದ ಬರೆಯಿರಿ

ಬಾಯಿಮಾತಿನ ಒಪ್ಪಂದ ಒಂದು ಮಳೆಗಾಲ ನಿಲ್ಲುತ್ತದೆ. ಅಧಿಕಾರಿಯ ವರ್ಗಾವಣೆಯಾದ ದಿನ ಸಾಯುತ್ತದೆ. ಆದ್ದರಿಂದ ಪ್ರತಿ ಪಂಚಾಯಿತಿಯ ಸಾಮಾನ್ಯ ಸಭೆಯಲ್ಲಿ ಒಂದೇ ಒಕ್ಕಣೆಯ ಠರಾವು ಆಗಬೇಕು. ಅದರಲ್ಲಿ ನಾಲ್ಕು ಮಾತು ಸ್ಪಷ್ಟವಾಗಿರಲಿ: ಯಾರು ಮಟ್ಟ ನೋಡುತ್ತಾರೆ, ಯಾರಿಗೆ ಹೇಳುತ್ತಾರೆ, ಹೇಳಿದ್ದು ಕೇಳಿದವರು ಏನು ಮಾಡುತ್ತಾರೆ, ಖರ್ಚು ಯಾರದು. ವ್ಯಕ್ತಿಯ ಹೆಸರಿನ ಜೊತೆಗೆ ಹುದ್ದೆಯನ್ನೂ ಬರೆಯಿರಿ. ಹೆಸರು ಬದಲಾದರೂ ಹುದ್ದೆ ಉಳಿಯುತ್ತದೆ.

ಕಾನೂನಿನ ಆಸರೆಯೂ ಇದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 30ನೇ ಕಲಂ ಮುನ್ನೆಚ್ಚರಿಕೆಯ ವ್ಯವಸ್ಥೆ ಕಟ್ಟಿ ನಡೆಸುವ ಹೊಣೆಯನ್ನು ಜಿಲ್ಲಾ ಪ್ರಾಧಿಕಾರಕ್ಕೆ ಕೊಟ್ಟಿದೆ. ಅದರ ಅಧ್ಯಕ್ಷರು ಜಿಲ್ಲಾಧಿಕಾರಿ. 41ನೇ ಕಲಂ ಸ್ಥಳೀಯ ಸಂಸ್ಥೆಗಳ ಕರ್ತವ್ಯಗಳನ್ನು ಹೇಳುತ್ತದೆ. ಹೀಗಾಗಿ ಠರಾವುಗಳ ಪ್ರತಿ ತಹಶೀಲ್ದಾರರ ಮೂಲಕ ಜಿಲ್ಲಾ ಪ್ರಾಧಿಕಾರಕ್ಕೆ ಹೋಗಿ, ಜಿಲ್ಲೆಯ ವಿಪತ್ತು ನಿರ್ವಹಣಾ ಯೋಜನೆಯ ಭಾಗವಾಗಬೇಕು. ಮೂರು ಜಿಲ್ಲೆಗಳನ್ನು ಒಂದೇ ಮೇಜಿಗೆ ತರುವುದು ಹೇಗೆ? ಹಾವೇರಿ, ಧಾರವಾಡ, ಗದಗ ಮೂರೂ ಬೆಳಗಾವಿ ವಿಭಾಗಕ್ಕೆ ಸೇರಿವೆ. ಪ್ರಾದೇಶಿಕ ಆಯುಕ್ತರಿಗೆ ಜಂಟಿ ಮನವಿ ಕೊಟ್ಟರೆ ಮೂರೂ ಕಡೆಯವರನ್ನು ಒಟ್ಟಿಗೆ ಕೂರಿಸುವ ಅಧಿಕಾರ ಅವರಿಗಿದೆ.

ಖರ್ಚಿನ ಮಾತನ್ನು ಮೊದಲೇ ಆಡಿ ಮುಗಿಸಿ

ಇಂಥ ಕೆಲಸ ಕೆಡುವುದು ಇಲ್ಲಿಯೇ, ಹಾಗಾಗಿ ಈ ಮಾತನ್ನು ಕೊನೆಗೆ ತಳ್ಳುತ್ತಿಲ್ಲ. ಮೇಲಿನ ಊರಿನ ನೀರಗಂಟಿ ನಡುರಾತ್ರಿ ಎದ್ದು ಸೇತುವೆಗೆ ಹೋಗಿ ಮಟ್ಟ ನೋಡಿದರೆ ಲಾಭ ಅವನ ಊರಿಗಲ್ಲ. ಅವನ ಊರಿಗೆ ನೀರು ಬಂದಾಗಿದೆ. ಲಾಭವಾಗುವುದು ಕೆಳಗಿನ ಊರಿಗೆ. ಎಲ್ಲ ಪಂಚಾಯಿತಿಗಳೂ ತಮ್ಮ ತಮ್ಮ ಗೇಜಿನ, ಅಂದರೆ ನೀರಿನ ಮಟ್ಟ ತೋರಿಸುವ ಅಳತೆ ಪಟ್ಟಿಯ, ಖರ್ಚನ್ನು ತಾವೇ ನೋಡಿಕೊಳ್ಳಲಿ ಎಂದರೆ ಕೇಳಲು ನ್ಯಾಯವಾಗಿ ಕಾಣುತ್ತದೆ, ಆದರೆ ಎರಡನೇ ವರ್ಷಕ್ಕೆ ಮೇಲಿನ ಗೇಜಿಗೆ ಪಾಚಿ ಹಿಡಿದಿರುತ್ತದೆ.

ನನ್ನ ಖಚಿತ ಅಭಿಪ್ರಾಯ: ಮೇಲಿನ ಊರಿನ ಗೇಜ್ ಓದುವವರ ಗೌರವಧನದ ದೊಡ್ಡ ಪಾಲನ್ನು ಕೆಳಗಿನ ಪಂಚಾಯಿತಿಗಳು ಕೊಡಬೇಕು. ಬಣ್ಣ, ಬ್ಯಾಟರಿ, ಮೊಬೈಲ್ ರೀಚಾರ್ಜ್, ರೇನ್‌ಕೋಟ್, ಗಂಬೂಟು, ಒಳ್ಳೆಯ ಟಾರ್ಚು, ಮಳೆಗಾಲದ ನಾಲ್ಕು ತಿಂಗಳ ಗೌರವಧನ. ಪಟ್ಟಿ ಇಷ್ಟೇ. ನೆರೆ ಬಂದ ಮೇಲೆ ಕೊಡುವ ಪರಿಹಾರದ ಎದುರು ಇದು ಲೆಕ್ಕಕ್ಕೇ ಬಾರದ ಮೊತ್ತ. ಆದರೆ ಗ್ರಾಮ ಪಂಚಾಯಿತಿಯ ವಾರ್ಷಿಕ ಯೋಜನೆಯಲ್ಲಿ ಪ್ರತ್ಯೇಕ ಸಾಲಾಗಿ ನಮೂದಾಗಿರಬೇಕು. ಪಂಚಾಯಿತಿಯ ಗಡಿಯಾಚೆ ಹಣ ಕೊಡುವುದಕ್ಕೆ ಲೆಕ್ಕ ಪರಿಶೋಧನೆಯಲ್ಲಿ ಆಕ್ಷೇಪ ಬರಬಹುದೆಂಬ ಅಳುಕಿದ್ದರೆ, ತಾಲ್ಲೂಕು ಪಂಚಾಯಿತಿಯ ಮೂಲಕ ಪಾವತಿಯಾಗುವಂತೆ ಲಿಖಿತ ಅನುಮತಿ ಪಡೆಯಿರಿ.

ಗೇಜಿಗೆ ಜಾಗ ಆರಿಸುವುದು

ಹಳ್ಳ ನೇರವಾಗಿ ಹರಿಯುವ ಕಡೆ, ದಂಡೆ ಗಟ್ಟಿಯಾಗಿರುವ ಕಡೆ, ಸೇತುವೆಯ ಬಳಿ ಜಾಗ ಹುಡುಕಿ. ತಿರುವಿನಲ್ಲಿ ಬೇಡ, ಅಲ್ಲಿ ಹೊರದಂಡೆಗೆ ನೀರು ಎತ್ತರವಾಗಿ ಹಾಯುತ್ತದೆ. ಬಾಂದಾರದ ಹಲಗೆಗಳ ಹಿಂದೆ ಬೇಡ, ಹಲಗೆ ಹಾಕಿದಾಗೊಂದು ಮಟ್ಟ, ತೆಗೆದಾಗೊಂದು ಮಟ್ಟ ಬರುತ್ತದೆ. ಓದುವವರ ಮನೆಯಿಂದ ಹತ್ತು ನಿಮಿಷದ ನಡಿಗೆಯೊಳಗಿರಬೇಕು, ಮೊಬೈಲ್ ಸಿಗ್ನಲ್ ಸಿಗಬೇಕು, ಹಳ್ಳ ತುಂಬಿದಾಗಲೂ ನೀರಿಗಿಳಿಯದೆ ದಂಡೆಯಿಂದ ಅಂಕಿ ಕಾಣಬೇಕು.

ಕೆಳತುದಿಯ ಊರುಗಳಿಗೆ ಇನ್ನೊಂದು ತೊಡಕಿದೆ. ಮೆಣಸಗಿಯ ಬಳಿ ಮಲಪ್ರಭೆ ತುಂಬಿದ್ದರೆ ಬೆಣ್ಣಿಹಳ್ಳದ ನೀರು ಒಳಗೆ ಸೇರಲು ಜಾಗವಿಲ್ಲದೆ ಹಿಂದಕ್ಕೆ ಒತ್ತುತ್ತದೆ. ಹಳ್ಳದ ಮೇಲ್ಭಾಗದಲ್ಲಿ ಮಳೆಯೇ ಇಲ್ಲದಿದ್ದರೂ ಕೆಳಗಿನ ಗೇಜು ಏರುತ್ತದೆ. 2019ರ ಆಗಸ್ಟ್‌ನಲ್ಲಿ ನವಿಲುತೀರ್ಥ ಅಣೆಕಟ್ಟಿನಿಂದ ಭಾರಿ ನೀರು ಬಿಟ್ಟಾಗ ಮಲಪ್ರಭೆಯ ದಡದ ಕೊಣ್ಣೂರು, ಲಖಮಾಪುರ, ಹೊಳೆಆಲೂರು ಸೀಮೆಯ ಜನ ಊರು ಬಿಟ್ಟು ಎತ್ತರಕ್ಕೆ ಹೋಗಬೇಕಾಯಿತು. ಹಾಗಾಗಿ ಕೆಳತುದಿಯ ಪಂಚಾಯಿತಿಗಳಿಗೆ ಎರಡು ಕಡೆಯ ಸುದ್ದಿ ಬೇಕು: ಬೆಣ್ಣಿಹಳ್ಳದ ಮೇಲಿನ ಗೇಜುಗಳದ್ದು, ಮತ್ತು ಅಣೆಕಟ್ಟಿನಿಂದ ಬಿಡುವ ನೀರಿನದ್ದು. ಎರಡನೆಯದು ನೀರಾವರಿ ಅಧಿಕಾರಿಗಳಿಂದ ಬರುತ್ತದೆ. ಬೆಣ್ಣಿಹಳ್ಳದ ಮೇಲೆ ಅಂಥ ದೊಡ್ಡ ಅಣೆಕಟ್ಟಿಲ್ಲ, ಆದ್ದರಿಂದ ಗೇಟು ತೆಗೆಯುವ ಮುಂಚೆ ಸೈರನ್ ಊದುವವರೂ ಇಲ್ಲ. ಆ ಜಾಗವನ್ನು ತುಂಬುವುದೇ ನಮ್ಮ ಗೇಜಿನ ಕೆಲಸ.

ಅಳತೆ ಪಟ್ಟಿ ಕೂರಿಸುವುದು

ಸೇತುವೆಯ ಕಂಬದ ಮೇಲೆ ಅಂಕಿ ಬರೆಯುವುದು ಅಗ್ಗ, ಒಳ್ಳೆಯದು. ಆದರೆ ಕಂಬದ ಯಾವ ಮುಖದ ಮೇಲೆ ಎಂಬುದು ಮುಖ್ಯ. ಪ್ರವಾಹ ಬಂದು ಬಡಿಯುವ ಮುಖದಲ್ಲಿ ನೀರು ಗುಡ್ಡೆಯಾಗಿ ಏರುತ್ತದೆ, ಹಿಂದಿನ ಮುಖದಲ್ಲಿ ಕುಳಿ ಬೀಳುತ್ತದೆ. ಪಕ್ಕದ ಮುಖದ ಮೇಲೆ, ಸಾಧ್ಯವಾದರೆ ದಂಡೆಯ ಗೋಡೆಯ ಮೇಲೆ ಬರೆಯಿರಿ. ಬಿಳಿ ಎನಾಮೆಲ್ ಬಣ್ಣ ಬಳಿದು, ಅದರ ಮೇಲೆ ಎರಡು ಸೆಂಟಿಮೀಟರಿಗೊಂದು ಕಪ್ಪು ಗೆರೆ, ಹತ್ತಕ್ಕೊಂದು ಅಂಕಿ, ಮೀಟರಿಗೊಂದು ದೊಡ್ಡ ಕೆಂಪು ಅಂಕಿ. ಲಾರಿಗಳ ಹಿಂದೆ ಅಂಟಿಸುವ ಹೊಳೆಯುವ ಪಟ್ಟಿಯನ್ನು ಪ್ರತಿ ಮೀಟರಿಗೆ ಅಂಟಿಸಿದರೆ ಟಾರ್ಚ್ ಬೆಳಕಿಗೆ ದೂರದಿಂದಲೂ ಕಾಣುತ್ತದೆ.

ಸೊನ್ನೆಯನ್ನು ಹಳ್ಳದ ಅತಿ ತಗ್ಗಿಗಿಂತ ಕೆಳಗೆ ಹಿಡಿಯಿರಿ, ಮುಂದೆ ಪಾತ್ರ ಕೊರೆದು ಆಳವಾದರೂ ಋಣ ಅಂಕಿ ಬರಬಾರದು. ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದವರನ್ನು ಕರೆದು, ಎತ್ತರದ ವ್ಯತ್ಯಾಸ ಅಳೆಯುವ ದುರ್ಬೀನಿನಂಥ ಉಪಕರಣ ಡಂಪಿ ಲೆವೆಲ್‌ನಿಂದ ಸೊನ್ನೆಯ ಎತ್ತರವನ್ನು ಹತ್ತಿರದ ಸ್ಥಿರ ಗುರುತಿಗೆ ಜೋಡಿಸಿ. ಶಾಲೆಯ ಮೆಟ್ಟಿಲು, ಗುಡಿಯ ಕಟ್ಟೆಯಂಥ ಅಲುಗಾಡದ ಜಾಗ ಆಗುತ್ತದೆ. ಬಣ್ಣ ಅಳಿಸಿದರೂ, ಕಂಬವೇ ಬಿದ್ದರೂ ಅದೇ ಸೊನ್ನೆಗೆ ಮರಳಲು ಇದು ದಾರಿ.

ಗೋಡೆಯ ಮೇಲಿನ ಹಳೆಯ ಗೆರೆಗಳು

2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳ ನೆರೆಯನ್ನು ಉತ್ತರ ಕರ್ನಾಟಕ ಮರೆತಿಲ್ಲ. ಎಷ್ಟೋ ಮನೆಗಳಲ್ಲಿ "ಇಲ್ಲಿವರೆಗೆ ಬಂದಿತ್ತು" ಎಂದು ಕೈಯಿಟ್ಟು ತೋರಿಸುವವರಿದ್ದಾರೆ. ಆ ಕೈಯಿಟ್ಟ ಜಾಗವೇ ನಿಮಗೆ ಬೇಕಾದ ಅಂಕಿ.

ಅದನ್ನು ಗೇಜಿಗೆ ತರಲು ಗೌಂಡಿಯ ಲೆವೆಲ್ ಪೈಪ್ ಸಾಕು. ಪಾರದರ್ಶಕ ಪೈಪಿಗೆ ನೀರು ತುಂಬಿ, ಒಳಗೆ ಗುಳ್ಳೆ ಉಳಿಯದಂತೆ ಬೆರಳಿನಿಂದ ತಟ್ಟಿ ಹೊರಡಿಸಿ. ಒಂದು ತುದಿಯ ನೀರು ಗೋಡೆಯ ಗುರುತಿಗೆ ಸರಿಯಾಗಿ ನಿಲ್ಲುವಂತೆ ಒಬ್ಬರು ಹಿಡಿಯಬೇಕು, ಇನ್ನೊಂದು ತುದಿಯಲ್ಲಿ ನೀರು ನಿಂತ ಜಾಗಕ್ಕೆ ಮತ್ತೊಬ್ಬರು ಗೂಟಕ್ಕೆ ಗೆರೆ ಹಾಕಬೇಕು. ಆ ಗೂಟದಿಂದ ಮುಂದಿನ ಗೂಟಕ್ಕೆ, ಹೀಗೆ ಸೇತುವೆಯವರೆಗೆ. ದೂರ ಹೆಚ್ಚಾದರೆ ಅಥವಾ ನೆಲದ ಇಳಿಜಾರು ಜಾಸ್ತಿಯಿದ್ದರೆ ಡಂಪಿ ಲೆವೆಲ್ಲೇ ಸರಿ. ಒಂದು ಎಚ್ಚರ: ನೆರೆ ಬಂದಾಗ ನೀರಿನ ಮೇಲ್ಮೈಯೂ ಹಳ್ಳದ ಗುಂಟ ಇಳಿಜಾರಾಗಿರುತ್ತದೆ. ಹಾಗಾಗಿ ಗೇಜಿನಿಂದ ಬಹಳ ದೂರದ ಗೋಡೆಯ ಗುರುತನ್ನು ನೇರವಾಗಿ ಗೇಜಿಗೆ ತರಬೇಡಿ, ಹತ್ತಿರದ ಮನೆಗಳನ್ನೇ ಆರಿಸಿ.

ಮೂರು ಗೆರೆಗಳ ಲೆಕ್ಕ

ಕೇಂದ್ರ ಜಲ ಆಯೋಗ ದೊಡ್ಡ ನದಿಗಳ ಮೇಲೆ ಎಚ್ಚರಿಕೆ ಮಟ್ಟ, ಅಪಾಯದ ಮಟ್ಟ, ಈವರೆಗಿನ ಅತಿ ಹೆಚ್ಚಿನ ಮಟ್ಟ ಎಂದು ಗುರುತಿಸಿ ಮುನ್ಸೂಚನೆ ಕೊಡುತ್ತದೆ. ದಿಲ್ಲಿಯಲ್ಲಿ ಯಮುನೆಯ ಮೇಲೆ 1958ರಲ್ಲಿ ಆರಂಭವಾದ ಪದ್ಧತಿ ಅದು. ಹಳ್ಳಕ್ಕೂ ಮೂರು ಗೆರೆ ಸಾಕು: ಹಳದಿ, ಕಿತ್ತಳೆ, ಕೆಂಪು. ಆದರೆ ಗೆರೆಯನ್ನು ಕಣ್ಣಳತೆಯಲ್ಲಿ ಎಳೆಯಬೇಡಿ. ನೀರು ಎಲ್ಲಿಗೆ ಬಂದರೆ ಏನಾಗುತ್ತದೆ ಎಂಬಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ.

ಒಂದು ಮಾದರಿ ಲೆಕ್ಕ. ನಿಮ್ಮ ಗೇಜಿನಲ್ಲಿ 2.8 ಮೀಟರಿಗೆ ಹೊಲದ ದಾರಿಯ ಕಿರುಸೇತುವೆ ಮುಳುಗುತ್ತದೆ, 5.2 ಮೀಟರಿಗೆ ಮೊದಲ ಮನೆಯ ಹೊಸ್ತಿಲಿಗೆ ನೀರು ಬರುತ್ತದೆ ಎಂದುಕೊಳ್ಳಿ. ಆ ಓಣಿಯನ್ನು ತೆರವು ಮಾಡಲು ಮೂರು ಗಂಟೆ ಬೇಕು. ಹಿಂದಿನ ದೊಡ್ಡ ನೆರೆಯಲ್ಲಿ ನೀರು ಗಂಟೆಗೆ 40 ಸೆಂಟಿಮೀಟರ್ ಏರಿತ್ತು. ಮೂರು ಗಂಟೆಗೆ 1.2 ಮೀಟರ್. 5.2ರಿಂದ ಅದನ್ನು ಕಳೆದರೆ 4.0. ರಾತ್ರಿಯ ಕತ್ತಲು, ಮಲಗಿದವರನ್ನು ಎಬ್ಬಿಸುವ ಹೊತ್ತು ಎಂದು ಇನ್ನೂ 30 ಸೆಂಟಿಮೀಟರ್ ಬಿಟ್ಟರೆ 3.7 ಮೀಟರ್. ಅದೇ ಕೆಂಪು ಗೆರೆ. ಮನೆಗೆ ನೀರು ಬರಲು ಇನ್ನೂ ಒಂದೂವರೆ ಮೀಟರ್ ಇರುವಾಗಲೇ ಜನರನ್ನು ಹೊರಡಿಸಬೇಕೆಂದರೆ ಮೊದಲ ಸಲ ಎಲ್ಲರಿಗೂ ಅತಿಯಾಯಿತೆನ್ನಿಸುತ್ತದೆ. ಅದಕ್ಕೇ ಈ ಲೆಕ್ಕವನ್ನು ಗ್ರಾಮಸಭೆಯಲ್ಲಿ ಎಲ್ಲರೆದುರು ಹಲಗೆಯ ಮೇಲೆ ಬರೆದು ಮಾಡಿ. ಅಂಕಿ ಎಲ್ಲಿಂದ ಬಂತೆಂದು ಕಂಡವರು ಕರೆ ಬಂದಾಗ ತಕರಾರು ತೆಗೆಯುವುದಿಲ್ಲ.

ಹಳದಿಗೆ ಓದುವವರು ಗಂಟೆಗೊಮ್ಮೆ ನೋಡತೊಡಗಬೇಕು. ಕಿತ್ತಳೆಗೆ ಪಂಪ್‌ಸೆಟ್ ಎತ್ತಿಡುವುದು, ಕುರಿ-ದನ ಎತ್ತರಕ್ಕೆ ಹೊಡೆಯುವುದು, ಕಿರುಸೇತುವೆಗೆ ಅಡ್ಡಗಟ್ಟುವುದು. ಕೆಂಪಿಗೆ ಜನ.

ಓದುವುದು, ಬರೆಯುವುದು

ಹರಿಯುವ ನೀರು ಪಟ್ಟಿಯ ಮೇಲೆ ಒಂದೇ ಕಡೆ ನಿಲ್ಲುವುದಿಲ್ಲ. ಅರ್ಧ ನಿಮಿಷ ದಿಟ್ಟಿಸಿ ನೋಡಿ. ಅತಿ ಮೇಲೆ 2.50, ಅತಿ ಕೆಳಗೆ 2.42 ಮುಟ್ಟುತ್ತಿದ್ದರೆ 2.46 ಎಂದು ಬರೆಯಿರಿ. ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದು ಅಂಕಿಯಷ್ಟೇ ಮುಖ್ಯ. ಸೇತುವೆಯ ನೆರಳಿನಲ್ಲಿರುವ ಕಂಬದ ಮೇಲೆ, ನೀರಿನ ಅಂಚಿಗಿಂತ ಮೇಲೆ ಒದ್ದೆ ರಾಡಿಯ ಪಟ್ಟಿ ಕಾಣಿಸಿದರೆ ನೀರು ಇಳಿಯುತ್ತಿದೆ. ಒಣ ಕಲ್ಲಿಗೇ ನೀರು ತಾಗಿ, ನೊರೆ, ಜೋಳದ ದಂಟು, ಒಣ ಕಸ ತೇಲಿ ಬರುತ್ತಿದ್ದರೆ ಏರುತ್ತಿದೆ. ಆದರೂ ಕಣ್ಣಿನ ಅಂದಾಜಿಗೆ ಬಿಡದೆ ಹದಿನೈದು ನಿಮಿಷ ಬಿಟ್ಟು ಇನ್ನೊಮ್ಮೆ ಓದಿ.

ವಹಿಯಲ್ಲಿ ಆರು ಕಲಂ ಸಾಕು: ದಿನಾಂಕ, ಹೊತ್ತು, ಮಟ್ಟ, ಏರಿಕೆ ಅಥವಾ ಇಳಿಕೆ, ಮಳೆ, ಯಾರಿಗೆ ಹೇಳಿದೆ. ನೀರಿಲ್ಲದ ದಿನ ಕೂಡ "ಒಣ" ಎಂದು ಬರೆಯಬೇಕು. ಖಾಲಿ ಬಿಟ್ಟ ಸಾಲು ನೀರಿರಲಿಲ್ಲ ಎನ್ನುತ್ತದೆಯೋ ಓದುವವರಿರಲಿಲ್ಲ ಎನ್ನುತ್ತದೆಯೋ ಆಮೇಲೆ ಯಾರಿಗೂ ತಿಳಿಯುವುದಿಲ್ಲ.

ಜೀವಕ್ಕಿಂತ ಅಂಕಿ ದೊಡ್ಡದಲ್ಲ. ಓದುವವರು ಯಾವ ಕಾರಣಕ್ಕೂ ನೀರಿಗಿಳಿಯಬಾರದು, ನೀರು ತೊಲೆಗೆ ತಾಗಿದ ಮೇಲೆ ಸೇತುವೆಯ ಮೇಲೆ ಕಾಲಿಡಬಾರದು. ಪ್ರತಿ ಗೇಜಿಗೂ ಇಬ್ಬರು ಓದುಗರಿರಲಿ, ರಾತ್ರಿ ಒಬ್ಬರೇ ಹೋಗದಿರಲಿ.

ಮಳೆಯ ಲೆಕ್ಕವನ್ನೂ ಜೊತೆಗಿಡಿ

ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಟೆಲಿಮೆಟ್ರಿಕ್ ಮಳೆಮಾಪಕಗಳನ್ನು ಕೂರಿಸಿದೆ. ಅವು ಹದಿನೈದು ನಿಮಿಷಕ್ಕೊಮ್ಮೆ ಅಳತೆ ಕಳಿಸುತ್ತವೆ. ನಿಮ್ಮ ಹಳ್ಳದ ಮೇಲ್ಭಾಗದ ಪಂಚಾಯಿತಿಗಳ ಮಳೆ ಎಷ್ಟೆಂದು ಕೇಂದ್ರದ ವರುಣಮಿತ್ರ ಸಹಾಯವಾಣಿಯಲ್ಲಿ ವಿಚಾರಿಸಬಹುದು. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಯಲ್ಲಿ 64.5 ಮಿಲಿಮೀಟರ್ ದಾಟಿದರೆ ಭಾರಿ ಮಳೆ, 115.6ರಿಂದ ಅತಿ ಭಾರಿ. ಹಳ್ಳಕ್ಕೆ ಮಾತ್ರ ದಿನದ ಮೊತ್ತಕ್ಕಿಂತ ಎರಡು-ಮೂರು ಗಂಟೆಯಲ್ಲಿ ಎಷ್ಟು ಸುರಿಯಿತು ಎಂಬುದೇ ಮುಖ್ಯ.

ಎರೆಮಣ್ಣಿನ ಗುಣವನ್ನೂ ಮರೆಯಬೇಡಿ. ಜೂನ್‌ನಲ್ಲಿ ಕೈ ತೂರುವಷ್ಟು ಅಗಲದ ಬಿರುಕುಗಳು ಮೊದಲ ಮಳೆಗಳನ್ನು ಕುಡಿದುಬಿಡುತ್ತವೆ. ಮಣ್ಣು ನೆನೆದು ಬಿರುಕು ಮುಚ್ಚಿದ ಮೇಲೆ ಅದೇ ಮಳೆ ಸೆಪ್ಟೆಂಬರ್‌ನಲ್ಲಿ ನೇರ ಹಳ್ಳಕ್ಕೆ ಇಳಿಯುತ್ತದೆ. ಜೂನ್‌ನ ಅನುಭವದಿಂದ ಸೆಪ್ಟೆಂಬರ್‌ನ ಧೈರ್ಯ ತಂದುಕೊಳ್ಳಬಾರದು.

ಕರೆಯ ಸರಪಳಿ

ವಾಟ್ಸ್‌ಆ್ಯಪ್ ಗುಂಪು ಇರಲಿ, ದಾಖಲೆಗೆ ಒಳ್ಳೆಯದು. ಆದರೆ ರಾತ್ರಿ ಎರಡು ಗಂಟೆಗೆ ಗುಂಪಿನ ಸಂದೇಶ ಯಾರನ್ನೂ ಎಬ್ಬಿಸುವುದಿಲ್ಲ. ಕರೆಯನ್ನೇ ಮಾಡಬೇಕು, ಕೇಳಿದವರು ಅಂಕಿಯನ್ನು ತಿರುಗಿ ಹೇಳಬೇಕು.

"ಅಣ್ಣಾ, ಎರಡನೇ ಗೇಜು. ಮೂರು ಎಂಬತ್ತು. ಏರುತ್ತಿದೆ, ಅರ್ಧ ಗಂಟೆಗೆ ಇಪ್ಪತ್ತೈದು."

"ಮೂರು ಎಂಬತ್ತು, ಏರುತ್ತಿದೆ, ಅರ್ಧ ಗಂಟೆಗೆ ಇಪ್ಪತ್ತೈದು. ಬರೆದುಕೊಂಡೆ ರೀ."

ಇಷ್ಟೇ ಮಾತು. "ಬಹಳ ನೀರು ಬಂದಿದೆ" ಎಂಬುದು ಸುದ್ದಿಯಲ್ಲ, ಭಯ. ಪ್ರತಿ ಗೇಜಿನವರು ತಮ್ಮ ಕೆಳಗಿನ ಎರಡು ಊರುಗಳಿಗೆ ಕರೆ ಮಾಡಲಿ, ಒಂದು ಕೊಂಡಿ ಕಳಚಿದರೂ ಸರಪಳಿ ನಿಲ್ಲದಂತೆ. ಐದು ನಿಮಿಷದಲ್ಲಿ ಯಾರೂ ಎತ್ತದಿದ್ದರೆ ಮುಂದಿನ ಹೆಸರು. ತಹಶೀಲ್ದಾರರಿಗೆ ಮತ್ತು ಜಿಲ್ಲಾ ನಿಯಂತ್ರಣ ಕೊಠಡಿಯ 1077ಕ್ಕೆ ಕಿತ್ತಳೆ ಮಟ್ಟದಲ್ಲೇ ತಿಳಿಸಬೇಕು.

ಅಸ್ಸಾಮಿನ ಧೇಮಾಜಿ, ಲಖೀಂಪುರ ಜಿಲ್ಲೆಗಳಲ್ಲಿ ಉಪನದಿಗಳ ಮೇಲೆ ಇದೇ ತತ್ವದ ವ್ಯವಸ್ಥೆಯನ್ನು ಅಂತರರಾಷ್ಟ್ರೀಯ ಪರ್ವತ ಅಭಿವೃದ್ಧಿ ಸಂಸ್ಥೆ ಐಸಿಮೋಡ್ ಮತ್ತು ಆರಣ್ಯಕ ಸಂಸ್ಥೆ ಸ್ಥಳೀಯರ ಜೊತೆ ಕಟ್ಟಿದವು. 2014ರಲ್ಲಿ ಅದಕ್ಕೆ ವಿಶ್ವಸಂಸ್ಥೆಯ ಹವಾಮಾನ ಪ್ರಶಸ್ತಿಯೂ ಬಂತು. ಅಲ್ಲಿಯೂ ಯಂತ್ರದ ಪಕ್ಕದಲ್ಲಿ ಒಬ್ಬ ಊರಿನವರು ಇದ್ದೇ ಇದ್ದಾರೆ.

ಊರೊಳಗೆ ಸುದ್ದಿ ಹಬ್ಬಿಸಲು ಗುಡಿ, ಮಸೀದಿಯ ಧ್ವನಿವರ್ಧಕ, ಡಂಗುರ, ಪಂಚಾಯಿತಿಯ ಕಸದ ಗಾಡಿಯ ಮೈಕು ಎಲ್ಲವೂ ಬೇಕು. ಯಾವ ಮನೆಯಲ್ಲಿ ಕಿವಿ ಕೇಳದ ಅಜ್ಜಿ ಇದ್ದಾರೆ, ಎಲ್ಲಿ ಬಾಣಂತಿ ಇದ್ದಾರೆ, ಯಾವ ಹೊಲದಲ್ಲಿ ಕುರಿಗಾರರು ತಂಗಿದ್ದಾರೆ ಎಂಬ ಪಟ್ಟಿ ಆಶಾ ಕಾರ್ಯಕರ್ತೆಯ ಬಳಿ ಇರಲಿ. ಅವರ ಮನೆಗಳಿಗೆ ಮನುಷ್ಯರೇ ಹೋಗಿ ಬಾಗಿಲು ಬಡಿಯಬೇಕು. ನೀರು ಇಳಿದಾಗ "ಇನ್ನು ಮರಳಬಹುದು" ಎಂಬ ಮಾತನ್ನು ಒಬ್ಬರೇ, ಅಂದರೆ ತಹಶೀಲ್ದಾರರು ಅಥವಾ ಅವರು ನೇಮಿಸಿದವರು ಹೇಳಲಿ.

ಸೆನ್ಸರ್ ಬೇಕೆ?

ಬೇಕು, ಎರಡನೇ ವರ್ಷದ ನಂತರ. ಸೇತುವೆಯ ಕೆಳಗೆ ಕೂರಿಸುವ ರೇಡಾರ್ ಅಥವಾ ಅಲ್ಟ್ರಾಸಾನಿಕ್ ಉಪಕರಣ ಮೇಲಿನಿಂದ ನೀರಿನ ದೂರ ಅಳೆದು ಸಿಮ್ ಮೂಲಕ ಕಳಿಸುತ್ತದೆ. ನಡುರಾತ್ರಿಯ ಓದಿಗೆ ಅದು ದೊಡ್ಡ ಆಸರೆ. ಆದರೆ ಕಣಜದ ಗೂಡು, ಧೂಳು ಕೂತ ಸೌರ ಫಲಕ, ಕರೆನ್ಸಿ ಮುಗಿದ ಸಿಮ್ ಯಾವುದಾದರೂ ಒಂದು ಅದನ್ನು ನಿಲ್ಲಿಸುತ್ತದೆ. ಖರೀದಿಯ ಆದೇಶದಲ್ಲೇ ಐದು ವರ್ಷದ ನಿರ್ವಹಣೆ, ಅಂಕಿ ಅಂಶ ಪಂಚಾಯಿತಿಗಳಿಗೆ ಸೇರಿದ್ದು ಎಂಬ ಷರತ್ತು ಇರಬೇಕು. ತಿಂಗಳಿಗೊಮ್ಮೆ ಬಣ್ಣದ ಪಟ್ಟಿಯ ಓದಿನ ಜೊತೆ ತಾಳೆ ನೋಡಿ, ವ್ಯತ್ಯಾಸವನ್ನು ವಹಿಯಲ್ಲಿ ಬರೆಯಿರಿ.

ನೀರಿನ ಪ್ರಯಾಣದ ಹೊತ್ತು

ಪ್ರತಿ ನೆರೆಯ ನಂತರ ಗೇಜುಗಳ ವಹಿಗಳನ್ನು ಒಂದೆಡೆ ತೆರೆದಿಟ್ಟು ಜೋಡಿಸಿ. ಮೇಲಿನ ಗೇಜಿನಲ್ಲಿ ರಾತ್ರಿ 9.40ಕ್ಕೆ 4.6 ಮೀಟರ್ ತುತ್ತತುದಿ, ಕೆಳಗಿನದರಲ್ಲಿ ನಸುಕಿನ 4.10ಕ್ಕೆ 3.9 ಎಂದಿದ್ದರೆ ನಡುವೆ ಆರೂವರೆ ಗಂಟೆ. ಇಂಥ ಜೋಡಿಗಳು ಎಂಟು-ಹತ್ತು ಸೇರಿದರೆ "ಮೇಲೆ ಇಷ್ಟಾದರೆ ನಮ್ಮಲ್ಲಿ ಇಷ್ಟು, ಇಷ್ಟು ಹೊತ್ತಿಗೆ" ಎಂದು ಹೇಳಬಲ್ಲ ಪಟ್ಟಿ ನಿಮ್ಮ ಕೈಯಲ್ಲಿರುತ್ತದೆ. ನಡುವೆ ಕೂಡುಹಳ್ಳ ಬಂದ ದಿನಗಳನ್ನು ಬೇರೆಯಾಗಿ ಗುರುತಿಸಿ, ಅಂದು ಕೆಳಗಿನ ಅಂಕಿ ಹೆಚ್ಚೇ ಇರುತ್ತದೆ.

ಡಿಸೆಂಬರ್‌ನಲ್ಲಿ ಎಲ್ಲ ಊರಿನ ಓದುಗರನ್ನು ಒಮ್ಮೆ ಸೇರಿಸಿ, ಮೇಲಿನವರನ್ನು ಕೆಳಗಿನ ಊರಿಗೇ ಕರೆದು ಊಟ ಹಾಕಿ. ವರ್ಷವಿಡೀ ದನಿ ಮಾತ್ರ ಕೇಳಿದವರು ಮುಖ ನೋಡಲಿ, ತಮ್ಮ ಕರೆಯಿಂದ ತೆರವಾದ ಓಣಿಯಲ್ಲಿ ಒಮ್ಮೆ ನಡೆದಾಡಲಿ. ಏಪ್ರಿಲ್‌ನಲ್ಲಿ ಹೂಳು ಎಷ್ಟು ತುಂಬಿದೆ ನೋಡಿ, ಸೊನ್ನೆಯನ್ನು ಶಾಲೆಯ ಮೆಟ್ಟಿಲಿನ ಗುರುತಿನೊಂದಿಗೆ ಮತ್ತೆ ತಾಳೆ ಮಾಡಿ, ಬಣ್ಣ ಬಳಿಯಿರಿ. ಮೇ ಕೊನೆಯ ವಾರದ ಒಂದು ರಾತ್ರಿ, ಯಾವ ರಾತ್ರಿಯೆಂದು ಮೊದಲೇ ಹೇಳದೆ, ಅತಿ ಮೇಲಿನ ಗೇಜಿನಿಂದ ಒಂದು ಪರೀಕ್ಷೆಯ ಕರೆ ಹೊರಡಿಸಿ. ಅದು ಮೆಣಸಗಿ ತಲುಪಲು ಎಷ್ಟು ನಿಮಿಷ ಹಿಡಿಯಿತು, ಎಲ್ಲಿ ನಿಂತಿತು ಎಂದು ಬರೆದಿಟ್ಟುಕೊಂಡು, ನಿಂತ ಜಾಗದಲ್ಲಿ ಜೂನ್ ಒಂದರೊಳಗೆ ಎರಡನೇ ಹೆಸರು ಸೇರಿಸಿ.